ಎಂಟು ಕಿಟಕಿಯ ಚೀಟಿ

"ಚೀಟಿ ಎಲ್ಲಿ?" ಎಂದು ಇಂಜಿನಿಯರ್ ಶ್ವೇತಾ ಕೇಳಿದಾಗ ಜಗದಾಂಬಳಿಗೆ ಮೊದಲು ಅರ್ಥವೇ ಆಗಲಿಲ್ಲ. ಎಂಟು ಹೊಸ ಕಿಟಕಿಗಳೂ ಥಳಥಳ ಹೊಳೆಯುತ್ತಿದ್ದವು. ಪ್ರತಿ ಗಾಜಿನ ನಟ್ಟನಡುವೆ ಮೂರು ಬೆರಳಿನ ವಿಭೂತಿ ಪಟ್ಟೆ, ಅದರ ಮೇಲೊಂದು ಕುಂಕುಮದ ಬೊಟ್ಟು. ಇನ್ನೇನು ಬೇಕು?

ಪಂಚಾಯಿತಿಯಿಂದ ಪರಿಶೀಲನೆಗೆ ಬಂದಿದ್ದ ಶ್ವೇತಾ ಬಿಡಿಸಿ ಹೇಳಿದಳು. ಕೋಣೆಯ ಶಾಖವನ್ನು ಗಾಜು ಎಷ್ಟು ಹಿಡಿದಿಡುತ್ತದೆ ಎಂದು ಕಂಪನಿಯವರು ಬರೆದು ಅಂಟಿಸಿರುವ ಚೀಟಿ ಅದು. ಅದಿದ್ದರೆ ಕಟ್ಟಡದ ತೆರಿಗೆಯಲ್ಲಿ ಐದು ವರ್ಷ ಅರ್ಧ ರಿಯಾಯಿತಿ, ಇಲ್ಲದಿದ್ದರೆ ಇಲ್ಲ.

ಜಗದಾಂಬ ಗಾಜಿನ ನಡುವಿನ ಪಟ್ಟೆಯತ್ತ ತಿರುಗಿ ನೋಡಿದಳು. ಚೀಟಿ ನಿನ್ನೆಯ ತನಕ ಇತ್ತು. ಹೊಸದಾಗಿ ಬಂದದ್ದು ತಕ್ಕಡಿಯಾಗಲಿ, ಜೀಪಾಗಲಿ, ವಿಭೂತಿ ಹಚ್ಚದೆ ಆ ಮನೆಯಲ್ಲಿ ಯಾರೂ ಬಳಸುವವರಲ್ಲ. ಈ ಚೀಟಿಯೋ, ಪಟ್ಟೆ ಬರಬೇಕಾದ ಜಾಗದಲ್ಲೇ ಕಚ್ಚಿಕೊಂಡು ಕೂತಿತ್ತು. ಕೊಬ್ಬರಿ ಎಣ್ಣೆ ಸವರಿ, ಉಗುರಿನಿಂದ ಕೆರೆದು, ಎಂಟನ್ನೂ ಕಿತ್ತು ಹಂಡೆಯ ಒಲೆಗೆ ಹಾಕಿದ್ದಳು. ತನ್ನ ಕಾಲ ಮೇಲೆ ತಾನೇ ಇಷ್ಟು ಶ್ರದ್ಧೆಯಿಂದ ಕಲ್ಲು ಎತ್ತಿಹಾಕಿಕೊಂಡವರು ಯಸಳೂರಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಮೆಣಸಿನ ಮಂಡಿಯ ಮೇಲಿನ ಈ ಹಾಲಿನಲ್ಲಿ ಹೊಲಿಗೆ ಶಾಲೆ ತೆಗೆಯಬೇಕೆಂಬುದು ಅವಳ ಹತ್ತು ವರ್ಷದ ಆಸೆ. ಕೆಳಗೆ ಮಂಡಿ ನಡೆಸುವ ಗಂಡ ಚನ್ನಬಸವಯ್ಯನಿಗೆ ಅದನ್ನು ವನಗೂರಿನ ದೇವೀರಪ್ಪನಿಗೆ ಗೋದಾಮಾಗಿ ಕೊಡುವ ಮನಸ್ಸು. ಹಳೆಯ ಮರದ ಕಿಟಕಿ ತೆಗೆದರೆ ಬೆಟ್ಟದ ಗಾಳಿಗೆ ಬೆರಳು ಮರಗಟ್ಟುತ್ತಿತ್ತು, ಮುಚ್ಚಿದರೆ ಸೂಜಿಗೆ ದಾರ ಪೋಣಿಸುವಷ್ಟೂ ಬೆಳಕಿರುತ್ತಿರಲಿಲ್ಲ. ಎರಡು ಪದರದ ಗಾಜು ಅವಳೇ ಹುಡುಕಿದ ಉಪಾಯ. ರಿಯಾಯಿತಿ ಸಿಕ್ಕರೆ ಶಾಲೆ, ಸಿಗದಿದ್ದರೆ ಗೋದಾಮು ಎಂದು ಗಂಡ ಹೆಂಡಿರಲ್ಲಿ ಮಾತಾಗಿತ್ತು. ದೇವೀರಪ್ಪನಿಗೆ ಇವತ್ತೇ ಉತ್ತರ ಹೇಳಬೇಕಿತ್ತು.

ಅವಳು ಓಡಿಹೋಗಿ ಬಿಲ್ಲು ತಂದಳು. ಅದರಲ್ಲಿ ಎರಡು ಪದರ ಎಂದಿತ್ತೇ ಹೊರತು ಶಾಖ ಹೊರಹೋಗದಂತೆ ಗಾಜಿಗೆ ಬಳಿಯುವ ಲೇಪದ ಸುದ್ದಿಯೇ ಇರಲಿಲ್ಲ. ಲೇಪವಿಲ್ಲದ ಗಾಜಿಗೆ ರಿಯಾಯಿತಿ ಇಲ್ಲವೆಂದು ಆದೇಶದ ಹಾಳೆಯಲ್ಲಿ ಬೆರಳಿಟ್ಟು ತೋರಿಸಿ, ಶ್ವೇತಾ ಬೇಸರದಿಂದಲೇ ಪೆನ್ನು ತೆಗೆದಳು. ಚನ್ನಬಸವಯ್ಯ ಬಾಗಿಲಲ್ಲಿ ನಿಂತು ಆ ಪೆನ್ನನ್ನೇ ನೋಡುತ್ತಿದ್ದ.

"ಒಂದ್ ನಿಮ್ಷ ಮೇಡಂ," ಎಂದಳು ಜಗದಾಂಬ. "ಆ ಹಾಳೆ ಮಗುಚಿ ನೋಡಿ. ನಾವು ಹೊಲಿಗೆಯೋರು ಒಳಮಗ್ಗುಲು ನೋಡ್ದೆ ಬಟ್ಟೆ ಒಪ್ಕಳಲ್ಲ."

ಶ್ವೇತಾ ಅವಳ ಮನಸ್ಸಿಗೆ ನೋವಾಗಬಾರದೆಂದು ಹಾಳೆ ತಿರುವಿದಳು. ಹಿಂದೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಓದುತ್ತಾ ಓದುತ್ತಾ ಅವಳ ಹುಬ್ಬು ಮೇಲೇರಿತು. ಚೀಟಿ ಕಳೆದಿದ್ದರೆ ಸ್ಥಳದಲ್ಲೇ ದೀಪ ಹಿಡಿದು ಪರೀಕ್ಷಿಸಬಹುದಂತೆ. ಎರಡು ಗಾಜಿಗೆ ನಾಲ್ಕು ಮೈ, ಆದ್ದರಿಂದ ಜ್ವಾಲೆಯ ನಾಲ್ಕು ಪ್ರತಿಬಿಂಬ ಕಾಣಬೇಕು. ಅದರಲ್ಲೊಂದರ ಬಣ್ಣ ಬೇರೆಯಿದ್ದರೆ ಲೇಪ ಇದೆಯೆಂದೇ ಲೆಕ್ಕ. ಇಂಥ ಪರೀಕ್ಷೆಯನ್ನು ತಾನೂ ಮಾಡಿಲ್ಲವೆಂದು ಶ್ವೇತಾ ಒಪ್ಪಿಕೊಂಡಳು. ಅವಳ ದನಿಯಲ್ಲೂ ಈಗ ಕುತೂಹಲ ಇಣುಕುತ್ತಿತ್ತು.

ಜಗದಾಂಬ ಎರಡೆರಡು ಮೆಟ್ಟಿಲು ಹಾರಿ ಇಳಿದು, ದೇವರ ಮನೆಯ ದೀಪವನ್ನು ಅಂಗೈ ಮರೆಯಲ್ಲಿ ತಂದಳು. ಹಗಲ ಬೆಳಕಿಗೆ ಗಾಜಿನಲ್ಲಿ ಏನೂ ಕಾಣಲಿಲ್ಲ. ಟ್ರಂಕಿನಿಂದ ಕಪ್ಪು ಲೈನಿಂಗ್ ಬಟ್ಟೆ ಎಳೆದಳು. ಒಳಕ್ಕೆ ತೆರೆದ ಕಿಟಕಿ ಬಾಗಿಲ ಹಿಂದೆ ಅದನ್ನು ಯಾರಾದರೂ ಹಿಡಿಯಬೇಕಿತ್ತು. ಗಂಡನ ಮುಖ ನೋಡಿದಳು.

ಚನ್ನಬಸವಯ್ಯ ಬಂದು ಹೆಗಲ ಟವಲಿನಿಂದ ಗಾಜಿನ ಮೇಲಿನ ವಿಭೂತಿಯನ್ನು ಒರೆಸಿದ. "ಶಿವ ಏನೂ ಅನ್ಕಳಲ್ಲ ಕಣೇ. ಹಿಡಿ ದೀಪ," ಎಂದು ಬಟ್ಟೆ ಚಾಚಿ ಹಿಂದೆ ನಿಂತ.

ಅವಳು ದೀಪವನ್ನು ಗಾಜಿನ ಹತ್ತಿರ ಹಿಡಿದಳು. ಗಾಜಿನೊಳಗೆ ಒಂದು ಜ್ವಾಲೆ ಮೂಡಿತು, ಅದಕ್ಕೆ ಅಂಟಿಕೊಂಡಂತೆ ಇನ್ನೊಂದು. ತುಸು ಆಚೆ ಮತ್ತೆರಡು. ಎಲ್ಲವೂ ಹಳದಿಯೇ ಎಂದು ಶ್ವೇತಾಗೆ ಕಂಡಿತು. ಆದರೆ ಜಗದಾಂಬ ಒಂದೇ ಬಣ್ಣದ ಇಪ್ಪತ್ತು ದಾರದುಂಡೆಗಳಲ್ಲಿ ಬೇಕಾದ್ದನ್ನು ಆರಿಸುವವಳು.

"ಮೂರನೇದು ನೋಡಿ ಮೇಡಂ. ಕೆಂಪಗೈತೆ."

ಶ್ವೇತಾ ಬಗ್ಗಿದಳು, ಕನ್ನಡಕ ತೆಗೆದಳು, ಮತ್ತೆ ಹಾಕಿದಳು. ಹೌದು, ಕೆಂಪು. ಅಧಿಕಾರಿಯ ಗತ್ತು ಮರೆತು ಅವಳು ನಕ್ಕೇಬಿಟ್ಟಳು. ಜಗದಾಂಬಳಿಗೆ ಕುಣಿಯಬೇಕೆನಿಸಿತು, ಕೈಯಲ್ಲಿ ದೀಪ ಇದ್ದುದರಿಂದ ಸುಮ್ಮನಿದ್ದಳು. ಎಂಟನ್ನೂ ನೋಡಬೇಕು ಎಂದು ಶ್ವೇತಾ ಹೇಳಿ ಮುಗಿಸುವಷ್ಟರಲ್ಲಿ ಚನ್ನಬಸವಯ್ಯ ಎರಡನೇ ಕಿಟಕಿಯ ಹಿಂದಿದ್ದ. ಆರನೆಯದಕ್ಕೆ ಬರುವ ಹೊತ್ತಿಗೆ ಬಟ್ಟೆಯ ಹಿಂದೆ ತನಗೇನೂ ಕಾಣದಿದ್ದರೂ ಅವನೂ ಗಟ್ಟಿಯಾಗಿ ಎಣಿಸತೊಡಗಿದ್ದ.

ಎಂಟನೆಯದರಲ್ಲೂ ಕೆಂಪು ಕಂಡಿತೆಂದು ಶ್ವೇತಾ ಬರೆದುಕೊಳ್ಳುತ್ತಿದ್ದಾಗ, ಅದರ ಹಿಂದೆ ನಿಂತಿದ್ದ ಅವನ ಫೋನು ಬಡಿದುಕೊಂಡಿತು. ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಫೋನು ತೆಗೆದ. ದೇವೀರಪ್ಪ. ತುದಿಯನ್ನು ಕೈಗೆ ದಾಟಿಸಿ, ಭುಜಕ್ಕೆ ಫೋನು ಒತ್ತಿಕೊಂಡು ಮಾತಾಡಿದ.

"ಇಲ್ಲ ಮಾರಾಯ, ಮೇಲೆ ಜಾಗ ಇಲ್ಲ. ಅಲ್ಲಿ ಹೊಲಿಗೆ ಸ್ಕೂಲ್ ಐತೆ."

ಜಗದಾಂಬ ದೀಪ ಇಳಿಸುವುದನ್ನೇ ಮರೆತು ನಿಂತಳು. ಗಾಜಿನಲ್ಲಿ ನಾಲ್ಕು ಜ್ವಾಲೆಗಳೂ ಅವಳ ಉಸಿರಿಗೆ ಒಟ್ಟಿಗೇ ಬಳುಕುತ್ತಿದ್ದವು.