ನಾನು ಬರೀ ಮುಟ್ಟಿದೆ

ಫೋಟೊ ಜೋಡಿಸುವ ಒಂದು ಸಾಫ್ಟ್‌ವೇರ್‌ನಲ್ಲಿ ಫೈಲನ್ನು ಎಳೆದು ತಂದು ಬಿಡುವ ಭಾಗವನ್ನು ಬರೆದವಳು ಗಡಿಯಾರ ರಿಪೇರಿಯವರ ಮಗಳು. ಮೌಸ್ ಒತ್ತಿ ಹಿಡಿದಾಗ ಅದು ಪರದೆಯ ಮೇಲೆ ನಾಲ್ಕು ಚುಕ್ಕೆ ಸರಿದರೆ ಸಾಕು, ಫೈಲು ಜೊತೆಗೇ ಎದ್ದು ಬರುತ್ತಿತ್ತು.

ಅದನ್ನು ಮೊದಲು ಬಳಸಿದವರು ಅಪ್ಪ. ತೀರಿಕೊಂಡ ಹೆಂಡತಿಯ ಫೋಟೊಗಳೆಲ್ಲ ದಿಕ್ಕಾಪಾಲಾದವು.

"ನಾನು ಬರೀ ಮುಟ್ಟಿದೆ ಕಣಮ್ಮ, ಅದೇ ಎದ್ದು ಹೋಯ್ತು."

"ಸುಳ್ಳು ಹೇಳ್ಬೇಡಿ ಅಪ್ಪ. ಎಳೀದೆ ಅದು ಹೋಗಲ್ಲ. ಬರೆದವಳು ನಾನು" ಎಂದು ಗದರಿದಳು. ಅಪ್ಪ ಮೌಸಿನ ಮೇಲಿಂದ ಕೈ ತೆಗೆದರು.

ವಾರದ ಮೇಲೆ ಅವರ ಕೈಯಲ್ಲಿ ಟೀ ಕಪ್ಪು ಸಾಸರಿಗೆ ತಗುಲಿ ಗಲಗಲ ಅನ್ನುವುದು ಅವಳ ಕಿವಿಗೆ ಬಿತ್ತು. ಕೂದಲೆಳೆಯಂಥ ಸ್ಪ್ರಿಂಗು ಕೂರಿಸಿದ ಕೈ ಅದು. ನಡುಗುತ್ತಿದೆ ಎಂದು ಬಾಯಿಬಿಟ್ಟು ಹೇಳುವ ಪೈಕಿ ಅವರಲ್ಲ. ಅವಳೂ ತುಟಿಪಿಟಕ್ಕೆನ್ನದೆ ಸಾಫ್ಟ್‌ವೇರ್‌ನಲ್ಲಿ ಆ ನಾಲ್ಕು ಚುಕ್ಕೆಯನ್ನು ನಲವತ್ತು ಮಾಡಿದಳು.

"ಈಗ ಕೈ ಕುದುರ್ತು ನೋಡು" ಎಂದರು ಅಪ್ಪ, ಫೋಟೊಗಳನ್ನು ಮತ್ತೆ ಜೋಡಿಸುತ್ತ.

ಅಪ್ಪ ತೀರಿಹೋಗಿ ಮೂರು ತಿಂಗಳಾದ ಮೇಲೆ ಆಫೀಸಿನಲ್ಲಿ ಜೊತೆಗಾರ ಕೇಳಿದ: "ಫೈಲು ಎಳೆದ್ರೆ ಗೋಂದು ಹಚ್ಚಿದ ಹಾಗೆ ಅಂಟ್ಕೊಂಡಿರುತ್ತೆ ಅಂತ ಬಳಸೋರು ಬೈತಿದಾರೆ. ಯಾವ ಪುಣ್ಯಾತ್ಮರು ಇಲ್ಲಿ ನಲವತ್ತು ಹಾಕಿದ್ದು?"

"ನಾನೇ" ಎಂದಳು. ನಲವತ್ತರ ಸೊನ್ನೆಯನ್ನು ಅಳಿಸಿದಳು. ಸರಿಯಾಯಿತೇ ಎಂದು ನೋಡಲು ಅಮ್ಮನ ಒಂದು ಫೋಟೊದ ಮೇಲೆ ಮೌಸ್ ಒತ್ತಿದಳು. ಬೆರಳು ಒಂದಿಷ್ಟು ಅದುರಿತು. ಅವಳು ಬರೀ ಮುಟ್ಟಿದ್ದಳು. ಫೋಟೊ ಎದ್ದು ಹೋಯಿತು.

ಅಂದು ಅಪ್ಪನಿಗಾಗಿ ಅಂಕಿಯನ್ನೇನೋ ತಿದ್ದಿದ್ದಳು. ಸುಳ್ಳು ಹೇಳ್ಬೇಡಿ ಎಂದ ಮಾತನ್ನು ಮಾತ್ರ ಅವರೆದುರು ವಾಪಸು ತೆಗೆದುಕೊಂಡಿರಲಿಲ್ಲ.