ಅರ್ಧ ಎತ್ತಿದ ಕೈ

ಚಕ್ರ ತಿರುಗುವ ಸದ್ದು ಮತ್ತೆ ಕೇಳಿತು. ಬೆಳಗಿನ ಜಾವದ ಸುಬಹ್ ನಮಾಝಿನ ಕೊನೆಗೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಸಲಾಮ್ ಹೇಳಿದ ಮೈಮೂನ ಎಡಕ್ಕೆ ತಿರುಗಿಸಿದ ಕತ್ತನ್ನು ಹಾಗೆಯೇ ಇಟ್ಟುಕೊಂಡು ಕೂತಳು. ಹಾಲ್‌ನಿಂದ ಬರುತ್ತಿತ್ತು, ದುಂಬಿಯೊಂದು ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ, ಸಣ್ಣಗೆ, ಒಂದೇ ಸಮನೆ. ಡಿಸೆಂಬರಿನಲ್ಲಿ ಏಸಿಯೂ ಓಡುವುದಿಲ್ಲ, ಫ್ಯಾನೂ ಓಡುವುದಿಲ್ಲ. ಫ್ರಿಜ್ಜಿನದ್ದಿರಬೇಕು ಎಂದು ಮನಸ್ಸಿಗೆ ಎಷ್ಟು ಸಲ ಸುಳ್ಳು ಹೇಳುವುದು? ಊರು ಬಿಟ್ಟು ಕೊಲ್ಲಿ ದೇಶದ ಈ ಜಿಂಜ್‌ನ ಫ್ಲ್ಯಾಟಿಗೆ ಬಂದ ದಿನದಿಂದ ಆ ಫ್ರಿಜ್ಜಿನ ಜೊತೆ ಬಾಳಿದವಳು ಅವಳು. ಅದರ ಗೊಣಗಾಟ ಬೇರೆ.

ಎದ್ದು ಹೋಗಿ ನೋಡಿದಳು. ಸೈಕಲ್ಲು ಟಿವಿಯ ಎದುರು ಬಿಳಿ ಬೆಡ್‌ಶೀಟ್ ಹೊದ್ದುಕೊಂಡು ಇದ್ದಲ್ಲೇ ಇತ್ತು. ಹಿಂದಿನ ಚಕ್ರ ಕಳಚಿ ಅಲ್ಲಿಗೆ ಕಬ್ಬಿಣದ ಸ್ಟ್ಯಾಂಡೊಂದನ್ನು ಕೂರಿಸಿದ್ದರು. ಪೆಡಲು ತುಳಿದರೆ ಅದರೊಳಗಿನ ಭಾರದ ಗಾಲಿ ಗುಂಯ್ ಎಂದು ತಿರುಗುತ್ತಿತ್ತು, ಸೈಕಲ್ಲು ಮಾತ್ರ ಇಂಚೂ ಕದಲುತ್ತಿರಲಿಲ್ಲ. ಮೈಮೂನ ಬಟ್ಟೆಯೊಳಗೆ ಕೈ ತೂರಿಸಿ ಗಾಲಿಯನ್ನು ಮುಟ್ಟಿದಳು. ತಣ್ಣಗಿತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬೆಚ್ಚಗಿದ್ದಿದ್ದರೆ ಚೆನ್ನಾಗಿತ್ತು ಎಂದು ಒಳಗೆ ಯಾವುದೋ ಮೂಲೆ ಹೇಳಿತು. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

ಸೈಕಲ್ಲು ಅವಳ ಗಂಡ ಮಸೂದನದ್ದು. ಡಿಪ್ಲೊಮ್ಯಾಟಿಕ್ ಏರಿಯಾದ ಇನ್ಶೂರೆನ್ಸ್ ಆಫೀಸಿನಲ್ಲಿ ವಾರವಿಡೀ ಕುರ್ಚಿ ಬಿಸಿ ಮಾಡಿದ ಮನುಷ್ಯ ಶುಕ್ರವಾರ ಬೆಳಕು ಹರಿಯುವ ಮೊದಲೇ ಗೆಳೆಯ ಮರ್ವಿನ್ ಜೊತೆ ಸೈಕಲ್ಲೇರಿ ಬುದಯ್ಯದ ಕಡಲತೀರದ ಕಡೆಗೆ ಹೊರಟುಬಿಡುತ್ತಿದ್ದ. ಬರುವುದು ತಡವಾದರೆ ಮೈಮೂನ ಬಾಲ್ಕನಿಯಲ್ಲಿ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು, ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದು, ಬೇಕರಿಯ ತಿರುವನ್ನೇ ನೋಡುತ್ತ ನಿಲ್ಲುತ್ತಿದ್ದಳು. "ಉಳ್ಳಾಲದಲ್ಲಿ ಹಡಗು ಕಾಯುವವಳ ಹಾಗೆ ನಿಂತಿದ್ದಿಯಲ್ಲ ಮಾರಾಯ್ತಿ!" ಎಂದು ಅವನು ಕೆಳಗಿನಿಂದಲೇ ಕೂಗುತ್ತಿದ್ದ. ಬೀದಿಗೆಲ್ಲ ಕೇಳುತ್ತಿತ್ತು.

ಬೇಸಿಗೆಯಲ್ಲಿ ಈ ದೇಶದ ರಸ್ತೆಗೆ ಇಳಿಯುವ ಹಾಗಿಲ್ಲವೆಂದು ಆ ಸ್ಟ್ಯಾಂಡ್ ಬಂತು. ಟಿವಿಯ ಕೆಳಗೊಂದು ಸಣ್ಣ ಪೆಟ್ಟಿಗೆಯೂ ಬಂತು. ಅದರಲ್ಲಿ ಫ್ರಾನ್ಸಿನ ಹಳ್ಳಿದಾರಿಗಳು. ಯಾರೋ ಪುಣ್ಯಾತ್ಮ ತನ್ನ ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಊರೂರು ಸುತ್ತಿ ತೆಗೆದದ್ದು. ಸೂರ್ಯಕಾಂತಿ ಹೊಲ, ಕಾಲುವೆ, ಎರಡೂ ಬದಿಗೆ ಮರ ನಿಂತ ಕಿರಿದಾದ ರಸ್ತೆ, ದೂರದಲ್ಲಿ ಇಗರ್ಜಿಯ ಗೋಪುರ. ತುಳಿದರೆ ದಾರಿ ಓಡುತ್ತದೆ, ಬಿಟ್ಟರೆ ದಾರಿಯೂ ನಿಲ್ಲುತ್ತದೆ. ತೆಗೆದವನ ಮುಖ ಎಲ್ಲೂ ಕಾಣುವುದಿಲ್ಲ. ಬಿಸಿಲಿದ್ದ ಕಡೆ ಅವನ ನೆರಳು ಮಾತ್ರ ರಸ್ತೆಯ ಮೇಲೆ ಬೀಳುತ್ತದೆ. "ಇಷ್ಟು ತುಳಿದರೆ ಗಾಣದಲ್ಲಿ ಎಣ್ಣೆಯಾದರೂ ಬರ್ತಿತ್ತು" ಎಂದು ಮೈಮೂನ ಹೇಳಿದರೆ, "ಒಂದು ದಿನ ನಿಜವಾಗಿ ಹೋಗುವ. ನಾನು ಸೈಕಲಲ್ಲಿ, ನೀನು ದೋಸೆ ಹಿಟ್ಟು ಹಿಡಿದುಕೊಂಡು ಹಿಂದೆ ಕಾರಲ್ಲಿ" ಎನ್ನುತ್ತಿದ್ದ.

ಆಗಸ್ಟಿನ ಆ ಬೆಳಿಗ್ಗೆ ಮಗಳು ಸಾಹಿರಾ ತನ್ನ ಕೋಣೆಯಲ್ಲಿದ್ದಳು, ಮೈಮೂನ ಅಡಿಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದಳು. ಹಾಲ್‌ನಿಂದ ಗಾಲಿಯ ಸದ್ದು, ಅದರ ಮೇಲೆ ಮಸೂದನ ಏದುಸಿರಿನ ದನಿ: "ಮೈಮೂನ, ಒಮ್ಮೆ ಬಾ ಇಲ್ಲಿ. ಈ ಅಜ್ಜಿಯನ್ನು ನೋಡು."

"ಕಾವಲಿಯಲ್ಲಿ ದೋಸೆ ಉಂಟು. ಬಂದೆ."

ಸದ್ದು ನಿಂತಿತು. ತನಗೆ ತೋರಿಸಲಿಕ್ಕೆಂದೇ ತುಳಿಯುವುದನ್ನು ನಿಲ್ಲಿಸಿದ್ದಾನೆ, ಚಿತ್ರವೇನೂ ಓಡಿಹೋಗುವುದಿಲ್ಲ ಎಂದುಕೊಂಡಳು. ಕಾವಲಿಯ ದೋಸೆ ತೆಗೆದಳು. ಪಾತ್ರೆಯ ತಳದಲ್ಲಿ ಸ್ವಲ್ಪ ಹಿಟ್ಟು ಉಳಿದಿತ್ತು, ಅದನ್ನೂ ಹೊಯ್ದು ಮುಗಿಸಿದಳು. ಶಾಲಿಗೆ ಕೈ ಒರೆಸುತ್ತ ಬಂದಾಗ ಮಸೂದ್ ಹ್ಯಾಂಡಲಿನ ಮೇಲೆ ಹಣೆಯಿಟ್ಟು ಒರಗಿದ್ದ.

ಹೃದಯ ನಿಂತಿದೆ ಎಂದರು ಡಾಕ್ಟರು. ಪಕ್ಕದಲ್ಲೇ ಇದ್ದರೂ ನೀವು ಏನೂ ಮಾಡುವಂತಿರಲಿಲ್ಲ ಎಂದೂ ಹೇಳಿದರು. ಮೈಮೂನಳಿಗೆ ಬೇಕಾದ ಉತ್ತರ ಅದಲ್ಲ. ಅವನು ನಿಜವಾಗಿ ಅಜ್ಜಿಯನ್ನು ತೋರಿಸಲು ಕರೆದನೇ? ಅಥವಾ ಎದೆ ಹಿಡಿದುಕೊಂಡಿತ್ತು, ಅವಳು ಗಾಬರಿಯಾಗದಿರಲೆಂದು ಅಜ್ಜಿಯ ನೆಪ ಹೇಳಿದನೇ? ಮಸೂದ್ ಅಂಥವನೇ. ಚಾಕುವಿನಲ್ಲಿ ಬೆರಳು ಕೊಯ್ದುಕೊಂಡರೂ "ಟೊಮೆಟೊ ಒಳ್ಳೆ ಕೆಂಪುಂಟು" ಎನ್ನುವ ಜಾತಿ. ಸಹಾಯಕ್ಕೆ ಕರೆದ ಗಂಡನಿಗೆ ತಾನು ಹೇಳಿದ್ದು ದೋಸೆ ಉಂಟು ಎಂದೇ? ಆ ಒಂದು ಪ್ರಶ್ನೆ ಅವಳ ನಿದ್ದೆಯನ್ನೆಲ್ಲ ತಿಂದುಹಾಕಿತ್ತು.

ಟಿವಿ ಹಾಕಿದರೆ ಚಿತ್ರ ಇಂದಿಗೂ ಅವನು ನಿಂತಲ್ಲೇ ಬಂದು ನಿಲ್ಲುತ್ತಿತ್ತು. ಮರಗಳ ಸಾಲು, ಎಡಗಡೆ ಮೋಟು ಕಲ್ಲಿನ ಗೋಡೆ, ತುಕ್ಕು ಹಿಡಿದ ಗೇಟು. ಗೇಟಿನ ಹತ್ತಿರ ನೀಲಿ ಮೇಲಂಗಿ ತೊಟ್ಟು ತಲೆಗೆ ಬಟ್ಟೆ ಕಟ್ಟಿದ ಒಬ್ಬಳು ಮುದುಕಿ. ಬಲಗೈ ಎದೆಯ ಮಟ್ಟಕ್ಕೆ ಎತ್ತಿದ್ದಾಳೆ, ಅರ್ಧಕ್ಕೆ. ಬಾ ಎನ್ನುತ್ತಿದ್ದಾಳೋ, ನಿಲ್ಲು ಎನ್ನುತ್ತಿದ್ದಾಳೋ, ನೊಣ ಓಡಿಸುತ್ತಿದ್ದಾಳೋ ಹೇಳುವಂತಿಲ್ಲ. ನಾಲ್ಕು ಸುತ್ತು ತುಳಿದರೆ ಗೊತ್ತಾಗುತ್ತಿತ್ತು. ಆದರೆ ತುಳಿದರೆ ಮಸೂದ್ ನಿಂತ ಜಾಗ ಹೋಗುತ್ತದೆ. ಮತ್ತೆ, ಆ ಮುದುಕಿಯಲ್ಲಿ ನೋಡುವಂಥದ್ದು ಏನೂ ಇಲ್ಲದಿದ್ದರೆ? ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಗಿತ್ತು ಅವಳ ಸ್ಥಿತಿ.

ಗಂಡ ತೀರಿದ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಹೊರಗಿನ ಗಂಡಸರ ಎದುರು ಬರಬಾರದು. ಆ ಇದ್ದತ್ ಇಂದು, ಶುಕ್ರವಾರ, ಸಂಜೆಗೆ ಮುಗಿಯುವುದಿತ್ತು. ಇಷ್ಟು ದಿನ ಹೊರಗಿನ ಮಾತನ್ನೆಲ್ಲ ಒಳಗೆ ತಂದು, ಒಳಗಿನದ್ದನ್ನು ಹೊರಗೆ ಒಯ್ದವನು ತಮ್ಮ ನಿಝಾಮ್. ಸೈಕಲ್ಲನ್ನು ಮರ್ವಿನ್ ಕೇಳಿದ್ದಾನೆ, ಶುಕ್ರವಾರ ಬೆಳಿಗ್ಗೆ ಬಂದು ಪೆಟ್ಟಿಗೆ ಸಮೇತ ಒಯ್ಯುತ್ತಾನೆ ಎಂದು ಹೇಳಿದ್ದವನೂ ಅವನೇ. ಮೈಮೂನ ಹೂಂ ಅಂದಿದ್ದಳು. ಗಂಡನ ಮಯ್ಯತ್ತು ಹೊರಲು ಹೆಗಲು ಕೊಟ್ಟವನಿಗೆ ಇಲ್ಲ ಎನ್ನುವುದು ಹೇಗೆ?

ಬಿಸಿಲೇರುವ ಹೊತ್ತಿಗೆ ಬೆಲ್ ಆಯಿತು. ಮಗಳು ಸಾಹಿರಾ ಹೋಗಿ ಬಾಗಿಲನ್ನು ಸ್ವಲ್ಪವೇ ತೆರೆದಳು. ಮೈಮೂನ ಬಾಗಿಲ ಹಿಂದೆ ನಿಂತಳು.

"ನಿಝಾಮ್ ಪಾರ್ಕಿಂಗ್ ಹುಡುಕ್ತಾ ಇದ್ದಾನೆ" ಎಂದಿತು ಮರ್ವಿನನ ದನಿ. "ನಾನು ಇಲ್ಲೇ ನಿಲ್ತೇನೆ, ಆಯ್ತಾ? ಒಳಗೆ ಬರುದಿಲ್ಲ."

ಮೈಮೂನ ಸುಮ್ಮನಿರಬೇಕೆಂದೇ ಇದ್ದಳು. ಬಾಯಿ ಕೇಳಲಿಲ್ಲ. "ಮರ್ವಿನಣ್ಣ, ಒಂದು ಮಾತು. ನೀವು ಬೇರೆ ಏನು ಕೇಳಿದ್ದರೂ ಸಂತೋಷದಲ್ಲಿ ಕೊಡ್ತಿದ್ದೆ."

"ನಾನು ಕೇಳಿದ್ದಾ? ಸೈಕಲನ್ನಾ? ನಿಮಗೆ ಅದನ್ನು ಕಣ್ಣೆದುರು ನೋಡ್ಲಿಕ್ಕೆ ಆಗುದಿಲ್ಲ, ಒಮ್ಮೆ ಮನೆಯಿಂದ ಹೋದ್ರೆ ಸಾಕು ಅಂತ ಉಂಟು, ಹಾಗೆ ಹೇಳಿ ನಿಝಾಮ್ ಕರೆದದ್ದು. ನಮ್ಮಲ್ಲಿ ಈಗಲೇ ಎರಡು ಸೈಕಲ್ ಉಂಟು. ಮೂರನೆಯದ್ದು ತಂದ್ರೆ ಪೌಲಿನ್ ನನ್ನನ್ನೇ ಹೊರಗೆ ನಿಲ್ಲಿಸ್ತಾಳೆ."

ಮೈಮೂನಳಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿತು. ನಿಝಾಮ್ ಕೆಟ್ಟವನಲ್ಲ. ಹಾಲ್‌ಗೆ ಬಂದಾಗಲೆಲ್ಲ ಅಕ್ಕನ ಮುಖ ಬಾಡುವುದನ್ನು ಕಂಡು ತಾನೇ ಒಂದು ಅರ್ಥ ಮಾಡಿಕೊಂಡಿದ್ದ. ಆಮೇಲೆ ಬಾಗಿಲ ಎರಡೂ ಕಡೆಗೆ ಒಂದೊಂದು ದಾಕ್ಷಿಣ್ಯ ಹಂಚಿದ್ದ.

"ಮರ್ವಿನಣ್ಣ, ಆ ಫ್ರಾನ್ಸಿನ ದಾರಿಯಲ್ಲಿ ಗೇಟಿನ ಹತ್ತಿರ ಒಬ್ಬಳು ಅಜ್ಜಿ ಇದ್ದಾಳಲ್ಲ. ಅವಳು ಎಂಥ ಮಾಡ್ತಾಳೆ?"

"ಅಜ್ಜಿಯಾ? ನಾನು ಸ್ಪೀಡ್ ನೋಡಿ ತುಳಿಯುವವ. ಅಜ್ಜಿ, ಕೋಳಿ, ಹಟ್ಟಿ ಎಲ್ಲ ನೋಡುದು ಅವನು. ಆ ಒಂದು ದಾರಿ ಅವನಿಗೆ ಬಾಯಿಪಾಠ ಇತ್ತು. ಹೇಳ್ತೇನೆಂತ ಬೇಸರ ಮಾಡ್ಬೇಡಿ. ಅದಕ್ಕೆ ದುಡ್ಡು ಹೋಗ್ತಿದ್ದ ಅವನ ಬ್ಯಾಂಕ್ ಕಾರ್ಡು ಬಂದ್ ಆಗಿದೆಯಲ್ಲ, ಈ ತಿಂಗಳು ಕಳೆದ ಮೇಲೆ ಆ ದಾರಿ ಓಪನ್ ಆಗ್ಲಿಕ್ಕಿಲ್ಲ. ಸೀಟಿನ ಕೆಳಗೆ ಒಂದು ಲಿವರ್ ಉಂಟು, ಸಡಿಲ ಮಾಡಿದ್ರೆ ಸೀಟು ನಿಮ್ಮ ಎತ್ತರಕ್ಕೆ ಕೆಳಗೆ ಬರ್ತದೆ. ನಾನು ನಿಝಾಮ್‌ನನ್ನು ಚಾಯಕ್ಕೆ ಕರ್ಕೊಂಡು ಹೋಗ್ತೇನೆ."

ಅವನ ಹೆಜ್ಜೆ ಲಿಫ್ಟಿನ ಕಡೆ ಹೋಯಿತು. ಮೈಮೂನ ಬಾಗಿಲು ಹಾಕಿ, "ಹೋಗು, ದೋಸೆ ಹೊಯ್ಯಿ. ಮಾಮ ಹಸಿದುಕೊಂಡು ಬರ್ತಾನೆ" ಎಂದು ಮಗಳನ್ನು ಅಡಿಗೆಮನೆಗೆ ಅಟ್ಟಿದಳು.

ಬೆಡ್‌ಶೀಟ್ ಎಳೆದಳು. ಸೀಟಿನ ಕೋಲಿನ ಮೇಲೆ ಮಸೂದ್ ತನ್ನ ಎತ್ತರಕ್ಕೆ ಗುರುತು ಮಾಡಿ ಕೆಂಪು ಟೇಪು ಸುತ್ತಿದ್ದ. ಲಿವರ್ ಸಡಿಲಿಸಿದರೆ ಆ ಟೇಪು ಕೊಳವೆಯೊಳಗೆ ಇಳಿದು ಮರೆಯಾಯಿತು. ಉಳ್ಳಾಲದಲ್ಲಿ ಅಣ್ಣಂದಿರ ಸೈಕಲ್ಲನ್ನು ಕದ್ದು ತುಳಿಯುತ್ತಿದ್ದ ಹುಡುಗಿ, ದೊಡ್ಡವಳಾದ ಮೇಲೆ ಮುಟ್ಟಿದವಳಲ್ಲ. ಬಿಸ್ಮಿಲ್ಲಾ ಎಂದು ಹತ್ತಿ ಕೂತಳು. ಕೂತು ಟಿವಿ ಹಾಕಿದಳು. ಮರ, ಗೋಡೆ, ಗೇಟು, ಅರ್ಧ ಎತ್ತಿದ ಕೈ.

ಪೆಡಲು ಮೊದಲು ಜಗ್ಗಲಿಲ್ಲ. ಸ್ವಲ್ಪ ಮೈಭಾರ ಬಿಟ್ಟಳು. ಗುಂಯ್ ಎಂದಿತು ಗಾಲಿ. ಅದೇ ಸದ್ದು. ಎಷ್ಟೋ ಬೆಳಗಿನ ಜಾವ ಅವಳನ್ನು ಹಾಸಿಗೆಯಿಂದ ಎಬ್ಬಿಸಿದ್ದು, ನಮಾಝಿನಲ್ಲಿ ಕತ್ತು ತಿರುಗಿಸಿದ್ದು. ಈಗ ಅದು ಅವಳ ಕಾಲ ಕೆಳಗಿನಿಂದಲೇ ಬರುತ್ತಿತ್ತು. ಆದರೂ ಬಿಡಲಿಲ್ಲ.

ಗೋಡೆ ಹತ್ತಿರ ಬಂತು. ಮುದುಕಿಯ ಕೈ ನಿಧಾನಕ್ಕೆ ಮೇಲೇರಿತು. ಎದೆಯಿಂದ ಗಲ್ಲಕ್ಕೆ, ಗಲ್ಲದಿಂದ ಹಣೆಗೆ. ಅಂಗೈ ಹುಬ್ಬಿನ ಮೇಲೆ ಅಡ್ಡ ನಿಂತಿತು. ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡಳು. ಸೈಕಲ್ಲಿನವನನ್ನು ಅವಳು ನೋಡಲೇ ಇಲ್ಲ. ಅವನ ಹಿಂದೆ, ಅವನು ಬಂದ ದಾರಿಯ ತುದಿಗೆ, ಇನ್ನೂ ಬಾರದ ಯಾರನ್ನೋ ಹುಡುಕುತ್ತಿದ್ದಳು. ಬಾಯಿ ಮಾತ್ರ ಬೈಯಲು ಸಿದ್ಧವಾಗಿತ್ತು.

ಮೈಮೂನ ತುಳಿಯುವುದನ್ನು ನಿಲ್ಲಿಸಿದಳು. ಚಿತ್ರವೂ ನಿಂತಿತು.

"ಸಾಹಿರಾ, ಒಮ್ಮೆ ಬಾ ಇಲ್ಲಿ..."

ಮಾತು ಮುಗಿಯುವ ಮೊದಲೇ ಅಡಿಗೆಮನೆಯಲ್ಲಿ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು. ಹುಡುಗಿ ಓಡಿ ಬಂದಳು. ಕೈಯೆಲ್ಲ ಹಿಟ್ಟು, ಮುಖ ಸುಣ್ಣ. "ಉಮ್ಮಾ! ವಾಟ್ ಹ್ಯಾಪನ್ಡ್? ಸೌಂಡ್ ನಿಂತಿತು. ಆರ್ ಯು ಓಕೆ?"

ಈ ಮನೆಯಲ್ಲಿ ಆ ಸದ್ದು ನಿಲ್ಲುವುದನ್ನು ಕೇಳಿಸಿಕೊಂಡವಳು ತಾನೊಬ್ಬಳೇ ಅಲ್ಲ ಎಂದು ಮೈಮೂನಳಿಗೆ ಆಗ ಹೊಳೆಯಿತು. ಮಗಳನ್ನು ಎಳೆದು ಪಕ್ಕಕ್ಕೆ ಒತ್ತಿಕೊಂಡಳು. "ಏನೂ ಇಲ್ಲ. ಈ ಅಜ್ಜಿಯನ್ನು ನೋಡು."

ಸಾಹಿರಾ ನೋಡಿದಳು. "ಉಮ್ಮಾ, ದಟ್ಸ್ ಯು" ಎಂದಳು. "ಫ್ರೈಡೇ ಬಾಲ್ಕನಿಯಲ್ಲಿ. ಕಾಲು ಕೂಡ ಸೇಮ್."

"ಹೌದು. ಹಡಗು ಕಾಯುವವಳು" ಎಂದಳು ಮೈಮೂನ. ಆಮೇಲೆ ಮಸೂದನಿಗೇ ಎಂಬಂತೆ, "ಕಳ್ಳ, ನಿಜವಾಗಿ ಇದನ್ನು ತೋರಿಸ್ಲಿಕ್ಕೇ ಕರೆದದ್ದು" ಎಂದಳು. ಆ ದಿನದಿಂದ ಎದೆಯೊಳಗೆ ಹೆಪ್ಪುಗಟ್ಟಿದ್ದ ಅಳು ಕೊನೆಗೂ ಬಂತು, ನಗುವಿನ ಜೊತೆ ಕಲಸಿಕೊಂಡು.

ಅಡಿಗೆಮನೆಯಿಂದ ಸೀದ ವಾಸನೆ ಬಂತು. "ಅಯ್ಯೋ, ದೋಸೆ!" ಎಂದು ಸಾಹಿರಾ ಹೊರಟಳು.

"ಗ್ಯಾಸ್ ಬಂದ್ ಮಾಡಿ ಬಾ. ಅದು ಕರಟಲಿ."

ಅವಳು ಮರಳಿ ಬಂದು ಹ್ಯಾಂಡಲಿಗೆ ಕೈಯಿಟ್ಟು ನಿಂತ ಮೇಲೆ ಮೈಮೂನ ಮತ್ತೆ ತುಳಿದಳು. ಮುದುಕಿ ಕೈ ಇಳಿಸಿದಳು, ಏನೋ ಗೊಣಗಿಕೊಂಡು ಒಳಗೆ ಹೋದಳು. ಗೇಟನ್ನು ಹಾಕಲಿಲ್ಲ. ಕಲ್ಲಿನ ಗೋಡೆ ಮುಗಿಯಿತು. ದಾರಿ ಬಲಕ್ಕೆ ಹೊರಳಿತು, ಅಲ್ಲಿ ಬಿಸಿಲಿತ್ತು. ರಸ್ತೆಯ ಮೇಲೆ ಸವಾರನ ನೆರಳೊಂದು ಬಿದ್ದು, ಸ್ವಲ್ಪ ದೂರ ಅವರ ಜೊತೆಗೇ ಬಂದು, ಮುಂದಿನ ಮರಗಳ ನೆರಳಿನೊಳಗೆ ಸೇರಿಹೋಯಿತು.