ಕಂಪ್ಯೂಟರಿನ ನೆತ್ತಿಯ ಮೇಲೆ ಒಣಗಿದ ಕಾಫಿ

ಮಲ್ಲಂದೂರಿನ ಶಂಕರೇಗೌಡರು ಆಯುಷ್ಯವೆಲ್ಲ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದು ನಿವೃತ್ತರಾದವರು. ಹಾಜರಿ ಹಾಕುವುದು, ತೋಟದ ಯಾವ ಪಟ್ಟಿಗೆ ಯಾರು ಎಂದು ಕೆಲಸ ಹಂಚುವುದು, ಇಷ್ಟೇ ರೈಟರ ಕೆಲಸವೆಂದು ಊರವರು ತಿಳಿದಿದ್ದರು. ತಮ್ಮ ನಿಜವಾದ ಕೆಲಸ ಇರುವುದು ಸಂಜೆ ಗೇಟಿನ ಬಳಿ ಎಂದು ಗೌಡರು ನಂಬಿದ್ದರು. ಹಣ್ಣು ಕೊಯ್ದು ಮನೆಗೆ ಹೊರಟ ಆಳುಗಳನ್ನು ಅಲ್ಲಿ ನಿಲ್ಲಿಸಿ "ಜೇಬು ಕೊಡವು", "ಮಡಿಲು ಬಿಚ್ಚು" ಎನ್ನುವರು. ಒಂದು ಹಿಡಿ ಕಾಫಿ ಸಿಕ್ಕಿದರೆ ಮುಗಿಯಿತು, ಆ ಮನುಷ್ಯನ ಮಾನ ಎಲ್ಲರೆದುರು ಹರಾಜು. "ಸುಳ್ಳು ಹೇಳೋನು ನನ್ನ ಕಣ್ಣು ನೋಡಲ್ಲ, ಅಷ್ಟು ಸಾಕು ನಂಗೆ" ಎಂದು ಈಗಲೂ ಹೇಳುತ್ತಾರೆ. ಹೇಳುತ್ತಿದ್ದರು ಎನ್ನಬೇಕು. ಕಳೆದ ಡಿಸೆಂಬರಿನಿಂದೀಚೆಗೆ ಆ ಮಾತು ಅವರ ಬಾಯಿಂದ ಬಂದಿಲ್ಲ.

ಈಗ ಅವರಿಗಿರುವುದು ರಸ್ತೆ ಪಕ್ಕದ ತಾರಸಿ ಮನೆ, ಅದರ ಹಿಂದೆ ಸ್ವಂತದ್ದೊಂದು ಚಿಕ್ಕ ತೋಟ. ಮಗ ಹಾಲೇಶ್ ಕಾಫಿ ಬೀಜ ಹಸನು ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಸೊಸೆ ಕವನಾ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮನೆಯಿಂದಲೇ ದುಡಿಯುತ್ತಾಳೆ. ಇನ್ನೂ ಪಾಯ ಕೂಡ ತೋಡದ ಮನೆಗಳು ಕಟ್ಟಿ ಮುಗಿದ ಮೇಲೆ ಹೇಗೆ ಕಾಣುತ್ತವೆಂದು ಚಿತ್ರ ಮಾಡಿ ಎಂಜಿನಿಯರುಗಳಿಗೆ ಕಳಿಸುವುದು ಅವಳ ಕೆಲಸ. ಅಂಥ ಒಂದು ಚಿತ್ರ ತಯಾರಾಗಬೇಕಾದರೆ ಕಂಪ್ಯೂಟರ್ ಗಂಟೆಗಟ್ಟಲೆ ಬಿಡುವಿಲ್ಲದೆ ಲೆಕ್ಕ ಹಾಕಬೇಕಂತೆ. ಕವನಾ ಅದಕ್ಕೆ ರೆಂಡರಿಗೆ ಹಾಕುವುದು ಎನ್ನುತ್ತಾಳೆ, ಗೌಡರು ಬೇಯಲು ಇಡುವುದು ಎನ್ನುತ್ತಾರೆ.

ಆ ಕಂಪ್ಯೂಟರನ್ನು ಜೋಡಿಸಿಕೊಟ್ಟವನು ಕವನಾಳ ತಮ್ಮ ಮೋಹಿತ್. ಚಿಕ್ಕಮಗಳೂರಿನಲ್ಲಿ ಅವನು ಸಣ್ಣ ಅಂಗಡಿ ಇಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಅಕ್ಕನ ಮಷೀನು ಎಂದು ಒಂದೊಂದು ಭಾಗವನ್ನೂ ಆರಿಸಿ ಹಾಕಿದ್ದ. ಪ್ರೊಸೆಸರ್ ಕಾಯಬಾರದೆಂದು ನೀರಿನ ಕೂಲರ್ ಕೂರಿಸಿದ್ದ. ಪ್ರೊಸೆಸರಿನ ಬೆನ್ನಿಗೆ ಅಂಟಿದಂತೆ ಒಂದು ಪುಟ್ಟ ಪಂಪು, ಅಲ್ಲಿಂದ ಎರಡು ಪೈಪು, ಡಬ್ಬದ ನೆತ್ತಿಯಲ್ಲಿ ರೇಡಿಯೇಟರು. ನೀರು ಹೊತ್ತು ತಂದ ಶಾಖವನ್ನು ಫ್ಯಾನುಗಳು ಮೇಲಿನ ಜಾಲರಿಯಿಂದ ಹೊರಕ್ಕೆ ಊದುತ್ತವೆ.

"ನಮ್ಮ ಜೀಪಿನ ರೇಡಿಯೇಟರೇ ಅಲ್ವೇನೋ ಮಾರಾಯ ಇದು!" ಎಂದು ಗೌಡರು ಜಾಲರಿಯ ಮೇಲೆ ಅಂಗೈ ಹಿಡಿದು ನೋಡಿದ್ದರು. ಅಂಗೈಗೆ ಬಂದದ್ದು ಹದವಾದ, ಒಣ ಬಿಸಿಗಾಳಿ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಲ್ಲಿಗೇ ಮರೆತಿರುತ್ತಿದ್ದರು. ಕಾಫಿ ಒಣಗಿಸುವುದರಲ್ಲೇ ತಲೆ ನೆರೆದ ಮನುಷ್ಯ ಮರೆಯುವುದುಂಟೇ?

ಡಿಸೆಂಬರಿನಲ್ಲಿ, ಕೊಯ್ಲಿನ ನಡುವೆ, ಅಕಾಲದ ಮಳೆ ಹಿಡಿಯಿತು. ಕಣದಲ್ಲಿ ಹರಡಿದ್ದ ಕಾಫಿಯನ್ನೆಲ್ಲ ಬಾಚಿ ಟಾರ್ಪಾಲಿನ ಕೆಳಗೆ ರಾಶಿ ಹಾಕಿದ್ದಾಯಿತು. ಗೌಡರ ಚಿಂತೆ ರಾಶಿಯದಲ್ಲ, ಸ್ಯಾಂಪಲ್ಲಿನದು. ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಗಿನ ತೆಳು ಸಿಪ್ಪೆ ಮಾತ್ರ ಉಳಿದ ಪಾರ್ಚ್‌ಮೆಂಟ್ ಬೀಜವನ್ನು ಪ್ರತಿ ವರ್ಷ ಒಂದು ಬಟ್ಟೆ ಚೀಲದಲ್ಲಿ ಕಾಫಿ ಕೊಳ್ಳುವವರಿಗೆ ಮುಂಚಿತವಾಗಿ ತೋರಿಸಬೇಕು. ಬೀಜವನ್ನು ಕಚ್ಚಿದರೆ ಹಲ್ಲು ಊರದೆ ಕಟಕ್ಕೆನ್ನಬೇಕು. ಗೌಡರ ಸ್ಯಾಂಪಲ್ಲು ಹಸಿಯೆಂದು ಇವತ್ತಿನವರೆಗೆ ಯಾರೂ ಹಿಂದಕ್ಕೆ ಕಳಿಸಿರಲಿಲ್ಲ. ಒಲೆಯ ಮೇಲಿಟ್ಟರೆ ಹೊಗೆ ವಾಸನೆ ಹಿಡಿಯುತ್ತದೆ. ಹೊಗೆಯಿಲ್ಲದ ಬಿಸಿ ಇಡೀ ಮನೆಯಲ್ಲಿ ಇದ್ದದ್ದು ಒಂದೇ ಕಡೆ.

ಕವನಾ ಮೊದಲೇ ಹೇಳಿದ್ದಳು. "ಮಾವ, ಈ ರೂಮಿಗೆ ಮಾತ್ರ ಕಾಫಿ ತರ್ಬೇಡಿ. ಧೂಳು ಹೋದ್ರೆ ಮಷೀನಿಗೆ ಕಷ್ಟ." ಹೇಳಿದ್ದು ಮೆತ್ತಗೆ, ನಗುತ್ತಲೇ. ಹಾಗಾಗಿ ಗೌಡರು ಅವಳ ಕಣ್ಣು ತಪ್ಪಿಸಿದರು. ಅವಳು ಚಿತ್ರ ಬೇಯಲು ಇಟ್ಟು ಅಡುಗೆಮನೆಗೆ ಹೋದದ್ದೇ ತಡ, ಚೀಲ ಜಾಲರಿಯ ಮೇಲೆ. ಪೇಪರ್ ಓದುವ ನೆಪದಲ್ಲಿ ಪಕ್ಕದಲ್ಲೇ ಕಾವಲು. ನಡುನಡುವೆ ಚೀಲದೊಳಗೆ ಕೈಯಾಡಿಸಿ, ನಾಲ್ಕು ಬೀಜ ಅಂಗೈಯಲ್ಲಿ ಉಜ್ಜಿ ಬಣ್ಣ ನೋಡುವರು. ಉಜ್ಜಿದಾಗ ಉದುರಿದ ತೆಳು ಸಿಪ್ಪೆ, ಫ್ಯಾನು ನಿಂತ ಮೇಲೆ, ಎಲ್ಲಿಗೆ ಇಳಿಯಿತೆಂದು ನೋಡಲಿಲ್ಲ. ಸೊಸೆಯ ಹೆಜ್ಜೆ ಸದ್ದಾದರೆ ಚೀಲ ಕುರ್ಚಿಯ ಕೆಳಗೆ.

ಮಷೀನು ಕಾಯಲು ಶುರುವಾದದ್ದು ಆ ವಾರವೇ. ಚಿತ್ರ ಅರ್ಧವಾಗುವಷ್ಟರಲ್ಲಿ ಶಾಖ ಏರಿ, ತನ್ನಷ್ಟಕ್ಕೆ ತಾನೇ ಆಫ್ ಆಗಿಬಿಡುತ್ತಿತ್ತು. ಸುದ್ದಿ ತಿಳಿದ ಮೋಹಿತ್ ಬೈಕು ಹತ್ತಿ ಬಂದ. ನೆಂಟರು ಬರುತ್ತಾರೆಂದು ಗೌಡರು ಚೀಲವನ್ನು ಮೊದಲೇ ಒಳಗಿಟ್ಟಿದ್ದರು. ಮೋಹಿತ್ ಪಂಪು ಬಿಚ್ಚಿ, ಪ್ರೊಸೆಸರಿನ ಶಾಖ ದಾಟಿಸುವ ಹಳೆಯ ಪೇಸ್ಟು ಒರೆಸಿ ಹೊಸದು ಹಚ್ಚಿ, ತಿರುಗಿ ಕೂರಿಸಿ ಓಡಿಸಿದ. ಮಷೀನು ತಣ್ಣಗೆ ಓಡಿತು. ಹುಡುಗ ಊಟ ಮಾಡಿ ಹೊರಟುಹೋದ. ಮಾರನೆಯ ದಿನ ಚೀಲ ಮತ್ತೆ ಜಾಲರಿ ಏರಿತು, ಮಷೀನು ಮತ್ತೆ ಕಾಯಿತು.

"ನೀನು ಬಂದಾಗ ಮಾತ್ರ ಸರಿ ಇರುತ್ತೆ ಕಣೋ. ಅದೆಂಥ ರಿಪೇರಿ?" ಕವನಾ ಫೋನನ್ನು ಸ್ಪೀಕರಿಗೆ ಹಾಕಿ ಕೇಳಿದಳು. ಗೌಡರು ಅಲ್ಲೇ ಪೇಪರ್ ಹಿಡಿದು ಕೂತಿದ್ದರು.

"ಅಕ್ಕ, ಡಬ್ಬದ ಪಕ್ಕದ ಗ್ಲಾಸು ತೆಗಿ. ಎರಡು ಪೈಪಿಗೂ ಕೈ ಮುಟ್ಟಿಸು. ಒಂದು ಬಿಸಿ ಒಂದು ತಣ್ಣಗಿದ್ರೆ ಪಂಪು ನಿಂತಿದೆ ಅಂತ."

"ಎರಡೂ ಬಿಸಿ ಇದಾವೆ."

"ಹಾಗಾದ್ರೆ ನೀರು ಸುತ್ತುತ್ತಾ ಇದೆ. ಶಾಖ ಹೊರಗೆ ಹೋಗ್ತಾ ಇಲ್ಲ ಅಷ್ಟೇ. ಮೇಲೆ ಏನಾದ್ರೂ ಇಡ್ತೀರಾ? ಪುಸ್ತಕ, ಬಟ್ಟೆ, ಎಂಥದಾದ್ರೂ?"

"ನನ್ನನ್ನೇನು ಅಷ್ಟು ದಡ್ಡಿ ಅಂದ್ಕೊಂಡ್ಯಾ?" ಎಂದ ಕವನಾ, ಆದರೂ ಒಮ್ಮೆ ತಿರುಗಿ ಕೇಳಿದಳು. "ಮಾವ, ನೀವೇನಾದ್ರೂ ಇದರ ಮೇಲೆ ಇಡ್ತೀರಾ?"

ಗೌಡರಿಗೆ ಎಲ್ಲವೂ ತಿಳಿದದ್ದು ಆ ಕ್ಷಣದಲ್ಲಿ. ಜೀಪಿನ ರೇಡಿಯೇಟರಿಗೆ ಗೋಣಿ ಹೊದಿಸಿ ಘಾಟಿ ಹತ್ತಿಸಿದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚೀಲ ಅವರ ಕುರ್ಚಿಯ ಕೆಳಗೇ ಇತ್ತು, ಕಾಲಿಗೆ ಅದರ ಬಿಸಿ ತಾಗುತ್ತಿತ್ತು. ಹೌದಮ್ಮ, ನಾನೇ ಪೆದ್ದ ಕೆಲಸ ಮಾಡಿದೆ ಎಂದಿದ್ದರೆ ಎಲ್ಲರೂ ನಕ್ಕು ಮುಗಿಸುತ್ತಿದ್ದರು.

"ಇಲ್ಲಮ್ಮ. ನಾನೆಂಥ ಇಡೋದು?" ಎಂದರು ಗೌಡರು, ಪೇಪರಿನಿಂದ ಮುಖ ಎತ್ತದೆ.

ಅವತ್ತಿನಿಂದ ಚೀಲ ಆ ಕೋಣೆಗೆ ಹೋಗಲಿಲ್ಲ. ಸ್ಯಾಂಪಲ್ಲು ಆಗಲೇ ಕಟಕ್ಕೆನ್ನುವಷ್ಟು ಒಣಗಿತ್ತು, ಕೊಳ್ಳುವವರು ಕಚ್ಚಿ ನೋಡಿ ತಲೆದೂಗಿದರು. ಇನ್ನು ಮಷೀನು ತಾನಾಗಿಯೇ ಸರಿಹೋಗುತ್ತದೆ, ಸುಳ್ಳೂ ಅದರ ಜೊತೆ ಕರಗಿಹೋಗುತ್ತದೆ ಎಂದು ಗೌಡರು ಲೆಕ್ಕ ಹಾಕಿದ್ದರು. ಎರಡೂ ಆಗಲಿಲ್ಲ. ಮಷೀನು ಮೊದಲಿನ ಹಾಗೆಯೇ ಆಫ್ ಆಗುತ್ತಲೇ ಇತ್ತು. ಇದೇಕೆ ಎಂದು ಅವರಿಗೂ ಹೊಳೆಯಲಿಲ್ಲ. ಕೇಳೋಣವೆಂದರೆ ಯಾವ ಬಾಯಲ್ಲಿ ಕೇಳುವುದು? ತಟ್ಟೆಯ ಮುಂದೆ ಕೂತವರು ಎರಡು ತುತ್ತಿಗೆ ಕೈ ತೊಳೆಯುವುದನ್ನು ಕಂಡು ಹೆಂಡತಿ ವಸಂತಮ್ಮ, "ಹಲ್ಲು ನೋವೇನ್ರೀ? ಆ ಕಾಫಿ ಬೀಜ ಕಚ್ಚಬೇಡಿ ಅಂದ್ರೆ ಕೇಳಲ್ಲ" ಎಂದು ಲವಂಗದೆಣ್ಣೆ ತಂದುಕೊಟ್ಟರು. ಗೌಡರು ಅದನ್ನು ನೋವಿಲ್ಲದ ಹಲ್ಲಿಗೆ ಹಚ್ಚಿಕೊಂಡರು.

ಸಂಸೆಯ ಹತ್ತಿರ ಕಟ್ಟಲಿದ್ದ ಒಂದು ಹೋಮ್‌ಸ್ಟೇಯ ಚಿತ್ರಗಳನ್ನು ಕವನಾ ಹೇಳಿದ ದಿನಕ್ಕೆ ಕಳಿಸಲಾಗಲಿಲ್ಲ. ಕೆಲಸ ಬೇರೆಯವರ ಪಾಲಾಯಿತು. ಅವಳು ಅತ್ತದ್ದನ್ನು ಗೌಡರು ಹಜಾರದಿಂದ ಕೇಳಿಸಿಕೊಂಡರು. ಆಮೇಲೆ ಅವಳು ತಮ್ಮನಿಗೆ ಫೋನು ಮಾಡಿದ್ದನ್ನೂ ಕೇಳಿಸಿಕೊಂಡರು.

"ಯಾರೋ ವಾಪಸ್ ಕೊಟ್ಟ ಹಳೇ ಕೂಲರನ್ನ ನಂಗೆ ಹಾಕಿದೀಯ, ಅಲ್ವಾ? ಬೇರೆಯವರಿಗೆ ಮಾಡು ಆ ವ್ಯಾಪಾರಾನ. ಅಕ್ಕ ಅಂತನೂ ನೋಡ್ಲಿಲ್ವಲ್ಲೋ! ಬಂದು ತಗೊಂಡು ಹೋಗು ಇದನ್ನ." ಫೋನಿಟ್ಟವಳು ಅಷ್ಟಕ್ಕೇ ಬಿಡಲಿಲ್ಲ. ಜೊತೆಗೆ ಕೆಲಸ ಮಾಡುವ ಗೆಳತಿ ರಂಜಿತಾ ಮೋಹಿತನಲ್ಲೇ ಮಷೀನು ಮಾಡಿಸಬೇಕೆಂದಿದ್ದಳು. ಅವಳಿಗೂ ಫೋನು ಹೋಯಿತು. "ನನ್ನ ತಮ್ಮನೇ ನಂಗೆ ಮೋಸ ಮಾಡ್ದ ಕಣೇ. ನೀನು ಹೋಗ್ಬೇಡ ಅಲ್ಲಿಗೆ."

ಈಗಲಾದರೂ ಎದ್ದು ಹೋಗಿ ಹೇಳಬೇಕೆಂದು ಗೌಡರು ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಚೀಲ ಇಟ್ಟದ್ದನ್ನು ಹೇಗೋ ಹೇಳಿಬಿಡಬಹುದಿತ್ತು. ಇಟ್ಟಿಲ್ಲ ಅಂದದ್ದನ್ನು ಹೇಗೆ ಹೇಳುವುದು? ಮತ್ತೆ ಕೂತರು. ಹೇಡಿತನಕ್ಕೆ ಇದಕ್ಕಿಂತ ಬೇರೆ ರೂಪ ಬೇಕಿಲ್ಲ. ಅದು ಅವರಿಗೂ ಗೊತ್ತಿತ್ತು.

ಮೋಹಿತ್ ಮರುದಿನ ಬೆಳಿಗ್ಗೆಯೇ ಬಂದ. ಈ ಸಲ ನಗುವಿಲ್ಲ. ತೆಗೆದುಕೊಂಡು ಹೋಗುವ ಮೊದಲು ಒಂದು ಸಲ ಪೂರ್ತಿ ಬಿಚ್ಚಿ ನೋಡುತ್ತೇನೆ ಎಂದಷ್ಟೇ ಹೇಳಿ ಡಬ್ಬವನ್ನು ಬೆಳಕಿಗೆಂದು ಜಗಲಿಗೆ ತಂದ. ಗೌಡರು ಅಲ್ಲೇ ಬೆಂಚಿನ ಮೇಲಿದ್ದರು. ಬಂದ ತಮ್ಮನಿಗೆ ಕಾಫಿಯನ್ನಾದರೂ ಕೊಡಬೇಕಲ್ಲ ಎಂದು ಕವನಾ ಒಳಗೆ ಹೋದಳು.

ಮೋಹಿತ್ ನೆತ್ತಿಯ ರೇಡಿಯೇಟರನ್ನು ಬಿಚ್ಚಿ, ಪೈಪಿನ ಸಮೇತ ಎತ್ತಿ ಬೆಳಕಿಗೆ ಹಿಡಿದ. ತಗಡಿನ ಸಂದುಗಳಲ್ಲಿ ಬೆಳಕು ಆಚೆಗೆ ಹಾಯಲಿಲ್ಲ. ಅದನ್ನು ಬೋರಲು ಮಾಡಿ ಮೆಲ್ಲಗೆ ತಟ್ಟಿದ. ಜಗಲಿಯ ನೆಲಕ್ಕೆ ಉದುರಿದ್ದು ತೆಳುವಾದ, ಹುಲ್ಲಿನ ಬಣ್ಣದ ಸಿಪ್ಪೆ. ಮತ್ತೆ ತಟ್ಟಿದ, ಮತ್ತೆ ಉದುರಿತು. ಒಂದು ಚೂರನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದ. ಮೂಡಿಗೆರೆ ಕಡೆ ಕಾಫಿ ಕಣದಲ್ಲೇ ಆಡಿ ಬೆಳೆದ ಹುಡುಗ, ಅದೇನೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ತಲೆಯೆತ್ತಿ ಗೌಡರನ್ನು ನೋಡಿದ.

ಗೌಡರು ಅವನ ಕಣ್ಣು ನೋಡಲಿಲ್ಲ.

ಮೋಹಿತ್ ಬ್ರಷ್ಷಿನಿಂದ ಸಿಪ್ಪೆಯನ್ನೆಲ್ಲ ಒಟ್ಟುಮಾಡಿ, ಅಂಗೈಗೆ ಬಾಚಿ, ಅಂಗಿಯ ಜೇಬಿಗೆ ಹಾಕಿಕೊಂಡ. "ಇರ್ಲಿ ಬಿಡಿ ಮಾವ" ಎಂದ, ಒಳಗೆ ಕೇಳದಷ್ಟು ಮೆಲ್ಲಗೆ. "ಅಕ್ಕ ಬಾಳ್ಬೇಕಾದ ಮನೆ ಇದು. ನನ್ನ ಮೇಲಿನ ಸಿಟ್ಟಾದ್ರೆ ಇವತ್ತಲ್ಲ ನಾಳೆ ಇಳಿಯುತ್ತೆ."

ಕವನಾ ಕಾಫಿ ಲೋಟ ತಂದು ನೆಲದ ಮೇಲಿಟ್ಟಳು. "ಎಂಥ ಆಗಿತ್ತಂತೆ?"

"ಪಂಪು, ಅಕ್ಕ. ಸರಿ ಇರ್ಲಿಲ್ಲ. ನೋಡದೆ ಹಾಕಿದ್ದು ನಂದೇ ತಪ್ಪು."

"ಈಗ ಬಾಯಿ ಬಿಟ್ಯಲ್ಲ!" ಎಂದಳು ಕವನಾ. "ಕೆಲಸ ಹೋಗಿದ್ದಕ್ಕಲ್ಲ ಕಣೋ ನಂಗೆ ಸಂಕಟ. ಇಷ್ಟು ದಿನ ನನ್ನ ಮುಂದೆ ನಾಟಕ ಆಡಿದ್ಯಲ್ಲ, ಅದಕ್ಕೆ. ಕಾಫಿ ಕುಡ್ಕೊಂಡು ಹೊರಡು. ಇನ್ನು ಈ ಕಡೆ ಬರ್ಬೇಡ."

ಮೋಹಿತ್ ತಲೆ ತಗ್ಗಿಸಿ ಹೂಂ ಎಂದ. ಕಾಫಿ ಮುಟ್ಟದೆ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ.

ಗೌಡರಿಗೆ ಎದ್ದು ನಿಂತದ್ದು ನೆನಪಿಲ್ಲ. ಗಂಟಲಿನಿಂದ ಹೊರಟದ್ದು ಮಾತ್ರ ಹಳೆಯ ಗೇಟಿನ ದನಿ.

"ಮೋಹಿತ್, ಜೇಬು ಕೊಡವು."

ಹುಡುಗ ಬೆಚ್ಚಿ ನೋಡಿದ. "ಮಾವ, ಬೇಡ..."

"ಕೊಡವು ಅಂದೆ."

ಅವನು ಕದಲಲಿಲ್ಲ. ಗೌಡರೇ ಹೋಗಿ, ಬಗ್ಗಿ, ಅವನ ಜೇಬಿಗೆ ಕೈ ಹಾಕಿ ಹಿಡಿ ಸಿಪ್ಪೆ ತೆಗೆದು ಸೊಸೆಯ ಮುಂದೆ ಅಂಗೈ ಬಿಚ್ಚಿದರು. ಅರ್ಧ ನೆಲಕ್ಕೆ ಚೆಲ್ಲಿತು.

"ಇದು ರೇಡಿಯೇಟರಲ್ಲಿ ಇತ್ತಮ್ಮ. ಪಂಪು ಚೆನ್ನಾಗಿಯೇ ಇದೆ. ನೀನು ಒಳಗೆ ಹೋದಾಗೆಲ್ಲ ಸ್ಯಾಂಪಲ್ ಚೀಲಾನ ಇದರ ಮೇಲೆ ಇಟ್ಟು ಒಣಗಿಸಿದ್ದು ನಾನು. ಇವನು ಕದ್ದಿದ್ದು ನನ್ನ ತಪ್ಪನ್ನ."

ಕವನಾ ಅಂಗೈಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಚೀಲದ ವಿಷಯ ಅವಳು ಎತ್ತಲೇ ಇಲ್ಲ. "ಅವತ್ತು ನಿಮ್ಮನ್ನೇ ಕೇಳಿದ್ನಲ್ಲ, ಮಾವ?" ಎಂದಳು.

"ಕೇಳಿದ್ದೆ ನೀನು. ನಾನು ಸುಳ್ಳು ಹೇಳ್ದೆ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಗೌಡರಿಗೆ ಎಷ್ಟೋ ಹಗುರವಾಗುತ್ತಿತ್ತು. ತಮ್ಮನ ಪಕ್ಕ ನೆಲದ ಮೇಲೇ ಕುಕ್ಕರಿಸಿ, ಆರಿದ ಲೋಟವನ್ನು ಸೆರಗಿನಂಚಿನಿಂದ ಸುಮ್ಮನೆ ಒರೆಸಿ ಅವನ ಕೈಗೆ ಕೊಟ್ಟಳು. ಅವನು ಕುಡಿದ. ಆಮೇಲೆ ಕಣ್ಣೊರೆಸಿಕೊಂಡು ಫೋನು ತೆಗೆದಳು.

"ರಂಜಿತಾ, ನಾನು ನಿನ್ನೆ ಹೇಳಿದ್ದು ತಪ್ಪು ಕಣೇ. ಮೋಹಿತಂದು ಏನೂ ಇಲ್ಲ. ನಮ್ಮನೇಲೇ ಎಂಥದೋ ಎಡವಟ್ಟಾಗಿತ್ತು. ಧೂಳು... ನಮ್ದೇ ತಪ್ಪು."

ಎಂಥದೋ ಎಡವಟ್ಟು. ಧೂಳು. ನಮ್ದೇ ತಪ್ಪು. ಜೇಬಿನಲ್ಲಿ ಮುಚ್ಚಿಕೊಂಡ ತಮ್ಮನ ಹಾಗೆ ಅಕ್ಕನೂ ಮುಚ್ಚುತ್ತಿದ್ದಾಳೆ. ಗೇಟಿನ ಬಳಿ ತಾವು ಯಾವತ್ತಾದರೂ ಯಾರ ಜೇಬನ್ನಾದರೂ ನೋಡದೆ ಬಿಟ್ಟದ್ದುಂಟೇ ಎಂದು ಗೌಡರು ನೆನೆಸಿಕೊಂಡರು. ಒಬ್ಬರ ಮುಖವೂ ನೆನಪಿಗೆ ಬರಲಿಲ್ಲ.

"ಹಾಗಲ್ಲಮ್ಮ" ಎಂದರು. "ನನ್ನ ಹೆಸರು ಹೇಳು."

ಕವನಾ ಅವರನ್ನು ಒಂದು ಗಳಿಗೆ ನೋಡಿದಳು. ಫೋನನ್ನು ಅವರ ಕಡೆ ಚಾಚಿದಳು. "ನೀವೇ ಹೇಳಿ ಮಾವ."

ಗೌಡರು ಅಂಗೈಯಲ್ಲಿ ಉಳಿದಿದ್ದ ಸಿಪ್ಪೆಯನ್ನು ಪಂಚೆಗೆ ಒರೆಸಿಕೊಂಡು ಫೋನು ತೆಗೆದುಕೊಂಡರು.

"ನಮಸ್ಕಾರ ಕಣಮ್ಮ. ನಾನು ಶಂಕರೇಗೌಡ, ಕವನಾ ಮಾವ" ಎಂದರು. "ಮೊದ್ಲು ಎಸ್ಟೇಟಲ್ಲಿ ರೈಟರಾಗಿದ್ದೆ. ಒಂದು ಸುಳ್ಳು ಹೇಳಿದ್ದೆ, ಅದನ್ನ ಹೇಳ್ಬೇಕಿತ್ತು."